ಪಾಸಾದ ಅಣ್ಣನಿಗೆ ಟೇಪು ಓದಲು ಬರಲಿಲ್ಲ, ಫೇಲಾದ ತಂಗಿ ಸಂಘದ ಲೆಕ್ಕ ಬರೆಯುತ್ತಾಳೆ

ನಮ್ಮ ಓಣಿಯಲ್ಲಿ ಒಂದು ಮನೆ. ಅಣ್ಣ, ತಂಗಿ. ಓದಿದ್ದು ಒಂದೇ ಸರ್ಕಾರಿ ಹೈಸ್ಕೂಲು, ಗಣಿತ ಹೇಳಿದ್ದು ಒಬ್ಬರೇ ಮಾಸ್ತರು. ಅಣ್ಣ 2024ರಲ್ಲಿ ಎಸ್‌ಎಸ್‌ಎಲ್‌ಸಿ ಬರೆದ. ಗಣಿತದ ಲಿಖಿತ ಪರೀಕ್ಷೆಯಲ್ಲಿ ಕೃಪಾಂಕ ತೆಗೆದು ನೋಡಿದರೆ ಅವನದು 80ಕ್ಕೆ 19. ಪಾಸಾದ. ತಂಗಿ 2025ರಲ್ಲಿ ಬರೆದಳು. 80ಕ್ಕೆ 22. ಫೇಲಾದಳು.

ಮೂರು ಅಂಕ ಹೆಚ್ಚು ತೆಗೆದವಳು ಫೇಲು, ಕಡಿಮೆ ತೆಗೆದವನು ಪಾಸು. ಇದು ಮಾಸ್ತರ ತಪ್ಪಲ್ಲ, ಪೇಪರ್ ತಿದ್ದಿದವರ ತಪ್ಪೂ ಅಲ್ಲ. ನಡುವೆ ಸರ್ಕಾರದ ನಿಯಮ ಬದಲಾಯಿತು, ಅಷ್ಟೆ.

ಹೆಸರು ಬೇಡ, ಊರೂ ಬೇಡ. ಯಾದಗಿರಿ ಜಿಲ್ಲೆ ಅಂದರೆ ಸಾಕು. ಪ್ರತಿ ವರ್ಷ ಫಲಿತಾಂಶದ ದಿನ ಡೆಸ್ಕಿನಿಂದ ನನಗೆ ಫೋನ್ ಬರುತ್ತದೆ: "ನಿಮ್ಮ ಜಿಲ್ಲೆ ಈ ಸಲ ಎಷ್ಟನೇ ಸ್ಥಾನ?" 2024ರಲ್ಲಿ ನಾವು ಕಡೆಯ ಸ್ಥಾನ, ಶೇ. 50.59. ಮೊದಲ ಸ್ಥಾನದ ಉಡುಪಿ ಶೇ. 94. ನಾನು ಒಂದು ಸುದ್ದಿ ಬರೆದು, ಹೆಚ್ಚು ಅಂಕ ತೆಗೆದ ನಾಲ್ಕು ಮಕ್ಕಳ ಫೋಟೋ ಕಳಿಸಿ ಕೈ ತೊಳೆದುಕೊಂಡೆ. ಫೇಲಾದವರ ಮನೆಗೆ ಹೋಗಲಿಲ್ಲ. ಯಾವ ವರ್ಷವೂ ಹೋಗಿದ್ದಿಲ್ಲ. ಈ ಸಲ ಪಕ್ಕದ ಮನೆಯದೇ ಆದ್ದರಿಂದ ಹೋಗುವ ಪ್ರಶ್ನೆಯೇ ಬರಲಿಲ್ಲ, ಅಳು ನಮ್ಮ ಕಟ್ಟೆಗೇ ಕೇಳಿಸಿತು.

ನಿಯಮ ಹೇಗೆ ಬದಲಾಯಿತು, ಸ್ವಲ್ಪ ನೋಡೋಣ. ಲೆಕ್ಕ ಇದೆ, ಬೇಸರ ಪಡಬೇಡಿ. ನಿಮ್ಮ ಮನೆಯಲ್ಲೂ ಹತ್ತನೇ ತರಗತಿ ಮಗು ಇರಬಹುದು.

ಎಸ್‌ಎಸ್‌ಎಲ್‌ಸಿಗೆ ಒಟ್ಟು 625 ಅಂಕ. ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ತಲಾ 100. ಆ ನೂರರಲ್ಲಿ 80 ಲಿಖಿತ ಪರೀಕ್ಷೆ, 20 ಆಂತರಿಕ ಅಂಕ. ಆಂತರಿಕ ಅಂದರೆ ಶಾಲೆಯಲ್ಲೇ ವರ್ಷವಿಡೀ ಕಿರುಪರೀಕ್ಷೆ, ಚಟುವಟಿಕೆ ನೋಡಿ ಮಾಸ್ತರು ಕೊಡುವುದು. ಹಿಂದಿನ ನಿಯಮದಲ್ಲಿ ಲಿಖಿತ ಪರೀಕ್ಷೆಯಲ್ಲೇ 80ಕ್ಕೆ 28 ಬರಲೇಬೇಕಿತ್ತು. ಆಂತರಿಕದಲ್ಲಿ 20ಕ್ಕೆ 20 ಇದ್ದರೂ 27 ತೆಗೆದವರು ಫೇಲೇ.

2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್. ನಕಲು ನಿಂತಿತು. ಜೊತೆಗೆ ಫಲಿತಾಂಶವೂ ಕುಸಿಯಿತು. ಮೊದಲು ಹೇಗೆ ಬರುತ್ತಿತ್ತು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಕುಸಿದದ್ದು ತೀರ ಹೆಚ್ಚಾಯಿತು ಅಂತ ಸರ್ಕಾರ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿತು, ಕೃಪಾಂಕ ಪಡೆಯುವ ಅರ್ಹತೆಯನ್ನು ಶೇ. 35ರಿಂದ 25ಕ್ಕೆ ಇಳಿಸಿತು. ಅಷ್ಟೆಲ್ಲ ಮಾಡಿದ ಮೇಲೆ ರಾಜ್ಯದ ಫಲಿತಾಂಶ ಶೇ. 73.40. ಅದರ ಹಿಂದಿನ ವರ್ಷ ಶೇ. 83.89 ಇತ್ತು. ಕೃಪಾಂಕ ಇಲ್ಲದಿದ್ದರೆ ಶೇ. 53ರ ಆಸುಪಾಸಿಗೆ ನಿಲ್ಲುತ್ತಿತ್ತು. ನಮ್ಮ ಓಣಿಯ ಅಣ್ಣ ದಾಟಿದ್ದು ಈ ಸೇತುವೆ ಮೇಲೆ.

ಮುಖ್ಯಮಂತ್ರಿಗಳು ಸಿಟ್ಟಾದರು, ಇದೆಂಥಾ ಪದ್ಧತಿ ಅಂದರು. 2025ರಲ್ಲಿ ಸೇತುವೆ ತೆಗೆದರು. ಕೃಪಾಂಕ ಇಲ್ಲದೆ ಪರೀಕ್ಷೆ-1ರ ಫಲಿತಾಂಶ ಶೇ. 62.34. ತಂಗಿ ಬರೆದದ್ದು ಆ ವರ್ಷ.

ಆಮೇಲೆ 2025ರ ಅಕ್ಟೋಬರ್‌ನಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪ ಹೊಸ ನಿಯಮ ಹೇಳಿದರು. ಒಟ್ಟು 625ಕ್ಕೆ 206, ಅಂದರೆ ಶೇ. 33, ಬಂದರೆ ಪಾಸು. ಒಂದೊಂದು ವಿಷಯದಲ್ಲಿ ಕನಿಷ್ಠ ಶೇ. 30 ಇರಬೇಕು. ಮುಖ್ಯ ಮಾತು ಏನೆಂದರೆ ಆಂತರಿಕ ಮತ್ತು ಲಿಖಿತ ಎರಡನ್ನೂ ಕೂಡಿಸಿ ನೋಡುತ್ತಾರೆ. ಮೊದಲ ಸಲ ಬರೆಯುವವರಿಗೂ, ಫೇಲಾಗಿ ಮತ್ತೆ ಬರೆಯುವವರಿಗೂ, ಖಾಸಗಿಯಾಗಿ ಕಟ್ಟಿದವರಿಗೂ ಇದೇ.

ಈಗ ತಂಗಿಯ ಅಂಕ ಮತ್ತೆ ನೋಡಿ. ಲಿಖಿತ 22, ಆಂತರಿಕ 18. ಕೂಡಿಸಿದರೆ 40. ಹೊಸ ನಿಯಮದಲ್ಲಿ ಅವಳು ಗಣಿತದಲ್ಲಿ ಬರೀ ಪಾಸಲ್ಲ, ಆರಾಮಾಗಿ ಪಾಸು. ಅಣ್ಣನಿಗೂ ಕೃಪಾಂಕದ ಹಂಗು ಬೇಕಿರಲಿಲ್ಲ.

ಪಟ್ಟಣದಲ್ಲಿ ಕೂತು ಪತ್ರಿಕೆಗೆ ಬರೆಯುವ ಕೆಲವರು ಶೇ. 33 ಅಂದ ಕೂಡಲೇ ಗುಣಮಟ್ಟ ಸತ್ತಿತು ಅಂತ ತಲೆ ಮೇಲೆ ಕೈ ಹೊತ್ತರು. ನನಗೆ ಹಾಗನಿಸಿಲ್ಲ. ಪಾಸು ಅನ್ನುವ ಆ ಎರಡಕ್ಷರ ಹಳ್ಳಿಯಲ್ಲಿ ಏನೇನು ಕೆಲಸ ಮಾಡುತ್ತದೆ ಅನ್ನುವುದು ಅವರಿಗೆ ಗೊತ್ತಿದ್ದಂತಿಲ್ಲ.

ಪಾಸ್‌ಪೋರ್ಟನ್ನೇ ತೆಗೆದುಕೊಳ್ಳಿ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಇಸಿಆರ್ ಅಂತ ಬೀಳುತ್ತದೆ. ಸೌದಿ, ಕುವೈತ್, ಕತಾರ್ ಸೇರಿ 18 ದೇಶಗಳಿಗೆ ಕೂಲಿಗೋ ಡ್ರೈವರ್ ಕೆಲಸಕ್ಕೋ ಹೋಗಬೇಕೆಂದರೆ ಸರ್ಕಾರದಿಂದ ಬೇರೆ ಅನುಮತಿ ತರಬೇಕು. ಏಜೆಂಟರು ಅಲ್ಲೇ ಹಣ ಕೀಳುವುದು. ಪಾಸಾದವರಿಗೆ ಆ ತೊಂದರೆ ಇಲ್ಲ. ಒಂದೇ ಊರಿನ ಇಬ್ಬರು ಡ್ರೈವರುಗಳು, ಒಬ್ಬ ವಿಮಾನ ಹತ್ತಿದ, ಇನ್ನೊಬ್ಬ ಏಜೆಂಟನ ಬಾಗಿಲಲ್ಲಿ ಕೂತ. ಸ್ಟಿಯರಿಂಗ್ ಹಿಡಿಯುವುದರಲ್ಲಿ ಇಬ್ಬರಿಗೂ ವ್ಯತ್ಯಾಸ ಇರಲಿಲ್ಲ, ಎಸ್‌ಎಸ್‌ಎಲ್‌ಸಿ ಇಂಗ್ಲಿಷಿನಲ್ಲಿ ಇತ್ತು.

ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ್ ಹುದ್ದೆ ನೋಡಿ. ಅದಕ್ಕೆ ಪರೀಕ್ಷೆ ಇಲ್ಲ, ಸಂದರ್ಶನ ಇಲ್ಲ. ಹತ್ತನೇ ತರಗತಿಯ ಅಂಕವೇ ಆಯ್ಕೆ. ಗಣಿತ, ಇಂಗ್ಲಿಷ್ ಎರಡರಲ್ಲೂ ಪಾಸಾಗಿರಬೇಕು. ದಶಾಂಶದ ಲೆಕ್ಕದಲ್ಲಿ ಪಟ್ಟಿ ಬರುತ್ತದೆ. ವಯಸ್ಸಿನ ವಿಚಾರಕ್ಕೂ ಇದೇ ಕಾಗದ: ಬಾಲಕಿ ಹೌದೋ ಅಲ್ಲವೋ ಎಂದು ತೀರ್ಮಾನಿಸುವಾಗ ಬಾಲನ್ಯಾಯ ಕಾಯ್ದೆ ಮೊದಲು ಕೇಳುವುದು ಶಾಲೆಯ ಜನ್ಮದಿನಾಂಕದ ದಾಖಲೆ ಅಥವಾ ಹತ್ತನೇ ತರಗತಿಯ ಪ್ರಮಾಣಪತ್ರ.

ಹುಡುಗಿಯರ ವಿಷಯವನ್ನಂತೂ ನೀವೇ ಬಲ್ಲಿರಿ. ಫಲಿತಾಂಶ ಬಂದ ಮೂರನೇ ದಿನ ತಂಗಿಯ ಮನೆಗೆ ಒಬ್ಬರು ಸಂಬಂಧ ಹಿಡಿದು ಬಂದರು. ಅವಳಿಗೆ ಆಗ ಹದಿನಾರು. ಅಪ್ಪ ಕೆಟ್ಟವನಲ್ಲ. "ಇನ್ನ ಎಷ್ಟ ಸಲ ಕಟ್ಟಸೋದು ತಮ್ಮಾ? ತಲಿಗೆ ಹತ್ತಂಗಿಲ್ಲ ಅಂದ್ರ ಹತ್ತಂಗಿಲ್ಲ" ಅಂದ. ಹದಿನೆಂಟರ ಒಳಗೆ ಮದುವೆ ಮಾಡಿದರೆ ಕೇಸಾಗುತ್ತದೆ ಅಂತ ನಾನೇ ಹೇಳಿ ಬಂದೆ. ಕೇಸಿನ ಹೆದರಿಕೆಗೆ ಸುಮ್ಮನಾದ, ಮಗಳ ಓದಿನ ಆಸೆಗಲ್ಲ. ಮೇ ಕೊನೆಗೆ ಪರೀಕ್ಷೆ-2 ಬರೆದಳು, ಆ ಸಲ ಶುಲ್ಕ ಇರಲಿಲ್ಲ. ಗಣಿತದಲ್ಲಿ 25 ಬಂತು. ಪರೀಕ್ಷೆ-3 ಜುಲೈನಲ್ಲಿ. ಆಗ ಹತ್ತಿ ಬಿತ್ತನೆ, ಕಳೆ. ಯಾರೂ ಕಳಿಸಲಿಲ್ಲ, ಅವಳೂ ಕೇಳಲಿಲ್ಲ. ವರ್ಷಕ್ಕೆ ಮೂರು ಪರೀಕ್ಷೆ ಒಳ್ಳೆಯ ಯೋಜನೆ. ಆದರೆ ಮೂರನೆಯದನ್ನು ನಮ್ಮ ಭಾಗದ ಬಿತ್ತನೆ ನೋಡಿ ಇಟ್ಟಿದ್ದಲ್ಲ.

ಹೀಗಾಗಿ ಪಾಸಿನ ಗೆರೆ ಇಳಿಸಿದ್ದಕ್ಕೆ ನನ್ನ ತಕರಾರಿಲ್ಲ. ಹದಿನಾರು ವರ್ಷದ ಮಗುವನ್ನು ಎರಡು ಅಂಕಕ್ಕೆ ಹೊಲಕ್ಕೆ, ಹಸೆಮಣೆಗೆ, ಗುಳೆಗೆ ನೂಕುವುದಕ್ಕಿಂತ ಪಾಸು ಮಾಡಿ ಮುಂದಕ್ಕೆ ಬಿಡುವುದು ಮೇಲು.

ನನ್ನ ತಕರಾರು ಬೇರೆ. ಗೆರೆಯನ್ನು 35ಕ್ಕೆ ಎಳೆದಿರಿ, ಕೃಪಾಂಕ ಕೊಟ್ಟು 25ರತ್ತ ತಂದಿರಿ, ಮತ್ತೆ ಏರಿಸಿದಿರಿ, ಈಗ 33ಕ್ಕೆ ನಿಲ್ಲಿಸಿದಿರಿ. ಈ ಎಲ್ಲ ಎಳೆದಾಟದಲ್ಲಿ ಒಂದು ಮಾತು ಯಾರೂ ಕೇಳಲಿಲ್ಲ: ಪಾಸಾದ ಮಗುವಿಗೆ ಏನು ಬರುತ್ತದೆ? ಅಂಕಪಟ್ಟಿ ತಿರುಗಿಸಿ ನೋಡಿ. ಹೆಸರಿದೆ, ಹುಟ್ಟಿದ ದಿನ ಇದೆ, ಅಂಕಗಳಿವೆ. ಈ ಮಗುವಿಗೆ ಇದು ಮಾಡಲು ಬರುತ್ತದೆ ಅನ್ನುವ ಒಂದು ಸಾಲೂ ಇಲ್ಲ.

ಅಣ್ಣನ ಕತೆ ಹೇಳುತ್ತೇನೆ. ಪಾಸಾದ ಮೇಲೆ ಪಿಯುಸಿ ಸೇರಿದ, ಆರು ತಿಂಗಳಿಗೆ ಬಿಟ್ಟ, ಊರವರ ಜೊತೆ ಬೆಂಗಳೂರಿಗೆ ಗುಳೆ ಹೋದ. ಕಟ್ಟಡದಲ್ಲಿ ಕಬ್ಬಿಣದ ಸರಳು ಕಡಿಯುವ, ಕಟ್ಟುವ ಕೆಲಸ. ಒಂದು ದಿನ ಮೇಸ್ತ್ರಿ ಹಳೇ ಟೇಪು ಕೈಗೆ ಕೊಟ್ಟು ಅಳತೆ ಹೇಳಿದ್ದಾನೆ. ಟೇಪಿನ ತುದಿ ಮುರಿದಿತ್ತು, ಮೊದಲ ನಾಲ್ಕು ಇಂಚು ಇರಲೇ ಇಲ್ಲ. ಹುಡುಗ ಮುರಿದ ತುದಿ ಹಿಡಿದು ಕೊನೆಯಲ್ಲಿ ಕಂಡ ಅಂಕಿಯನ್ನೇ ಅಳತೆ ಅಂತ ತಿಳಿದು ಕಡಿದ. ಕಡಿದ ಸರಳೆಲ್ಲ ನಾಲ್ಕು ಇಂಚು ಗಿಡ್ಡ. ಮೇಸ್ತ್ರಿ ಎರಡು ದಿನದ ಕೂಲಿ ಹಿಡಿದ. "ಹತ್ನೇತ್ತ ಪಾಸ ಅಂದ್ಯಲ್ಲೋ, ನಾಕು ಕಳಿಯಾಕ ಬರಂಗಿಲ್ಲೇನು?" ಅಂದನಂತೆ. ಹುಡುಗ ಇದನ್ನು ನಗುತ್ತಲೇ ನನಗೆ ಹೇಳಿದ, ಕೂಲಿ ಹೋದ ಸಂಕಟ ಮಾತ್ರ ಮುಖದಲ್ಲಿತ್ತು.

ಇದು ಅವನೊಬ್ಬನ ಕತೆ ಅಂದುಕೊಂಡಿದ್ದೆ. ಆಮೇಲೆ 'ಅಸರ್' ವರದಿ ಓದಿದೆ. 'ಪ್ರಥಮ್' ಸಂಸ್ಥೆಯವರು ಹಳ್ಳಿ ಹಳ್ಳಿಗೆ ಹೋಗಿ ಮಕ್ಕಳ ಕಲಿಕೆ ನೋಡುವ ಸಮೀಕ್ಷೆ ಅದು. 2023ರಲ್ಲಿ ಅವರು 26 ರಾಜ್ಯಗಳ 28 ಜಿಲ್ಲೆಗಳಲ್ಲಿ 14ರಿಂದ 18 ವರ್ಷದ ಸುಮಾರು 34 ಸಾವಿರ ಹಳ್ಳಿ ಮಕ್ಕಳನ್ನು ಮಾತಾಡಿಸಿದರು. ಅದರಲ್ಲಿ ಒಂದು ಪ್ರಶ್ನೆ ಇದೇ. ಸ್ಕೇಲಿನ ಮೇಲೆ ಒಂದು ವಸ್ತು, ಸೊನ್ನೆಯಿಂದ ಶುರುವಾದರೆ ಉದ್ದ ಎಷ್ಟು? ಸುಮಾರು ಶೇ. 85 ಮಕ್ಕಳು ಸರಿ ಹೇಳಿದರು. ವಸ್ತುವನ್ನು ಸ್ವಲ್ಪ ಸರಿಸಿ, ಸೊನ್ನೆ ಬಿಟ್ಟು ಬೇರೆ ಕಡೆಯಿಂದ ಶುರು ಮಾಡಿ ಇಟ್ಟರು. ಸರಿ ಹೇಳಿದವರು ಶೇ. 39ರ ಆಸುಪಾಸು. ನಮ್ಮ ಹುಡುಗನ ಮುರಿದ ಟೇಪೇ ಅದು. ಅದೇ ವರದಿಯಲ್ಲಿ, ಮೂರಂಕಿ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಲು ಬಂದವರು ಅರ್ಧಕ್ಕೂ ಕಡಿಮೆ, ಶೇ. 43ರಷ್ಟು. ತಮ್ಮ ಭಾಷೆಯ ಎರಡನೇ ತರಗತಿ ಪಾಠವನ್ನು ಸರಾಗವಾಗಿ ಓದಲಾಗದವರು ನಾಲ್ಕರಲ್ಲಿ ಒಬ್ಬರು. ಓಆರ್‌ಎಸ್ ಪೊಟ್ಟಣದ ಮೇಲಿನ ಸೂಚನೆ ಓದಿ ನಾಲ್ಕರಲ್ಲಿ ಮೂರು ಪ್ರಶ್ನೆಗಾದರೂ ಉತ್ತರ ಹೇಳಿದವರು ಮೂರರಲ್ಲಿ ಇಬ್ಬರು. ಉಳಿದ ಒಬ್ಬರ ಮನೆಯಲ್ಲಿ ಕೂಸಿಗೆ ಭೇದಿಯಾದರೆ ಆ ಪೊಟ್ಟಣ ಎಷ್ಟು ನೀರಿಗೆ ಹಾಕಬೇಕು ಅಂತ ಯಾರು ಓದಬೇಕು?

ಇತ್ತ ತಂಗಿ. ಅವಳ ಅವ್ವ ಮಹಿಳಾ ಸಂಘದ ಸದಸ್ಯೆ. ಸಂಘದ ಪುಸ್ತಕ ಬರೆಯುತ್ತಿದ್ದ ಹೆಣ್ಣುಮಗಳು ಮದುವೆಯಾಗಿ ಹೋದ ಮೇಲೆ ಪುಸ್ತಕ ಈ ಹುಡುಗಿಯ ಕೈಗೆ ಬಂತು. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. 7,500 ಸಾಲ ಇದ್ದವರಿಗೆ 150. ಅವರು ನಡುವೆ 1,500 ಅಸಲು ಕಟ್ಟಿದರೆ ಮುಂದಿನ ತಿಂಗಳಿಗೆ 120. ಹದಿನೈದು ಜನರ ಇಂಥ ಲೆಕ್ಕವನ್ನು ಮೊಬೈಲ್ ತೆಗೆಯದೆ ಹೇಳುತ್ತಾಳೆ. ಬ್ಯಾಂಕಿನವರು ಪಾಸ್‌ಬುಕ್ಕಿನಲ್ಲಿ ತಪ್ಪು ಹತ್ತಿಸಿದಾಗ ಕಂಡುಹಿಡಿದದ್ದೂ ಅವಳೇ. ಅಂಕಪಟ್ಟಿ ಪ್ರಕಾರ ಗಣಿತದಲ್ಲಿ ಅನುತ್ತೀರ್ಣ.

ಫೇಲಾದವರೆಲ್ಲ ಬುದ್ಧಿವಂತರು, ಪಾಸಾದವರೆಲ್ಲ ದಡ್ಡರು ಅಂತ ಇಲ್ಲಿಂದ ಹಾರಿಬಿಡುವುದು ಸುಲಭ. ಸಿನಿಮಾದಲ್ಲಿ ಹಾಗೇ ಮಾಡುತ್ತಾರೆ. ನಾನು ಹಾಗೆ ಹೇಳುತ್ತಿಲ್ಲ. ಬೀಜಗಣಿತ, ಪ್ರಮೇಯ ಬರದಿದ್ದರೆ ಅವಳು ನಾಳೆ ಪಿಯುಸಿ ವಿಜ್ಞಾನಕ್ಕೆ ಹೋಗಿ ಕಷ್ಟಪಡುತ್ತಾಳೆ, ಅದು ನಿಜ. ನಾನು ಹೇಳುವುದಿಷ್ಟೇ, ಆ ಹಾಳೆ ಇಬ್ಬರ ಬಗ್ಗೆಯೂ ಸುಳ್ಳು ಹೇಳುತ್ತಿದೆ. ಅವನಿಗೆ ಬರದ್ದನ್ನು ಬರುತ್ತದೆ ಅನ್ನುತ್ತದೆ, ಅವಳಿಗೆ ಬರುವುದನ್ನು ಮುಚ್ಚಿಡುತ್ತದೆ.

ಹೊಸ ನಿಯಮದಲ್ಲಿ ಈ ಸುಳ್ಳು ಇನ್ನೂ ಸಲೀಸಾಗುವ ಅಪಾಯ ಇದೆ. ಆಂತರಿಕ ಅಂಕವನ್ನು ಕೂಡಿಸುತ್ತಾರೆ ಅಂದೆನಲ್ಲ. ಯಾವುದೇ ಶಾಲೆಯಲ್ಲಿ ಕೇಳಿ ನೋಡಿ, ಆಂತರಿಕದಲ್ಲಿ 20ಕ್ಕೆ 18, 19, 20 ಬಾರದ ಮಗು ಅಪರೂಪ. 20 ಕೈಯಲ್ಲಿದ್ದರೆ 33 ಆಗಲು ಲಿಖಿತದಲ್ಲಿ 80ಕ್ಕೆ 13 ಸಾಕು. ನನಗೆ ಪರಿಚಯದ ಮಾಸ್ತರೊಬ್ಬರು ಮುಚ್ಚುಮರೆ ಇಲ್ಲದೆ ಹೇಳಿದರು: "ನಾ 12 ಕೊಟ್ರ ಬಾಜೂಕಿನ ಸಾಲ್ಯಾಗ 20 ಕೊಡ್ತಾರ. ನಮ್ಮ ಹುಡುಗೂರೇನು ಪಾಪ ಮಾಡ್ಯಾರ?" ಅವರ ಮಾತು ತಪ್ಪು ಅನ್ನಲು ನನ್ನಿಂದ ಆಗಲಿಲ್ಲ. ಫಲಿತಾಂಶ ಕಡಿಮೆಯಾದರೆ ನೋಟಿಸ್ ಬರುವುದು ಅವರಿಗೆ. ಅಂಕ ಕೊಡುವವರೂ ಅವರೇ, ಅಂಕ ಕಡಿಮೆಯಾದರೆ ಬೈಸಿಕೊಳ್ಳುವವರೂ ಅವರೇ. ಇಂಥ ತಕ್ಕಡಿ ಎಂದಾದರೂ ನೆಟ್ಟಗೆ ನಿಂತೀತೆ?

ಇದು ನಮ್ಮೊಬ್ಬರ ತಲೆನೋವಲ್ಲ. ಅಮೆರಿಕದಲ್ಲೂ ಶಾಲೆ ಮುಗಿಸಿದ ಪ್ರಮಾಣಪತ್ರ ರಾಜ್ಯ ಸರ್ಕಾರಗಳ ಕೈಯಲ್ಲೇ ಇದೆ, ಡಿಪ್ಲೊಮಾ ಅನ್ನುತ್ತಾರೆ. ಮ್ಯಾಸಚೂಸೆಟ್ಸ್ ಅನ್ನುವ ರಾಜ್ಯದಲ್ಲಿ 2003ರಿಂದ ಹತ್ತನೇ ತರಗತಿಯ ಸರ್ಕಾರಿ ಪರೀಕ್ಷೆ ಪಾಸಾಗದವರಿಗೆ ಡಿಪ್ಲೊಮಾ ಇರಲಿಲ್ಲ. 2024ರ ನವೆಂಬರ್‌ನಲ್ಲಿ, ಅಧ್ಯಕ್ಷರ ಚುನಾವಣೆಯ ದಿನವೇ, ಈ ಷರತ್ತು ಇರಬೇಕೋ ಬೇಡವೋ ಅಂತ ಜನರ ಮತ ಕೇಳಿದರು. ನೂರಕ್ಕೆ 59ರಷ್ಟು ಜನ ತೆಗೆದುಹಾಕಿ ಅಂದರು. ಶಿಕ್ಷಕರ ಸಂಘದವರೇ ಅದಕ್ಕೆ ಓಡಾಡಿದ್ದರು. ಪರೀಕ್ಷೆ ಈಗಲೂ ನಡೆಯುತ್ತದೆ, ಮಗು ಎಲ್ಲಿದೆ ಅಂತ ತಿಳಿಯಲು. ಆದರೆ ಅದರಿಂದ ಯಾರ ಡಿಪ್ಲೊಮಾವೂ ನಿಲ್ಲುವುದಿಲ್ಲ. ಹಾಗಾದರೆ ಡಿಪ್ಲೊಮಾ ಸಿಕ್ಕ ಮಗುವಿಗೆ ಏನು ಬರುತ್ತದೆ ಅಂತ ಖಾತ್ರಿ ಕೊಡುವವರು ಯಾರು? ಒಂದೊಂದು ಊರಿನ ಶಾಲಾ ಆಡಳಿತ ಒಂದೊಂದು ಅಳತೆ ಇಟ್ಟರೆ ಏನು ಗತಿ? ಆ ಜಗಳ ಅಲ್ಲಿ ಇನ್ನೂ ಮುಗಿದಿಲ್ಲ.

ಇಂಡಿಯಾನಾ ಅನ್ನುವ ಇನ್ನೊಂದು ರಾಜ್ಯ ಬೇರೆ ದಾರಿ ಹಿಡಿಯಿತು. 2024ರ ಡಿಸೆಂಬರ್‌ನಲ್ಲಿ ಅವರು ಒಪ್ಪಿದ ಹೊಸ ನಿಯಮದಲ್ಲಿ ಎಲ್ಲರಿಗೂ ಒಂದೇ ಮೂಲ ಡಿಪ್ಲೊಮಾ. ಅದರ ಮೇಲೆ ಬೇಕಾದವರು ಮುದ್ರೆ ಗಳಿಸಬಹುದು: ಕಾಲೇಜಿಗೆ ತಯಾರು, ಕೆಲಸಕ್ಕೆ ತಯಾರು, ಸೈನ್ಯಕ್ಕೆ ತಯಾರು. 2029ರಲ್ಲಿ ಶಾಲೆ ಮುಗಿಸುವ ಮಕ್ಕಳಿಂದ ಇದು ಪೂರ್ತಿ ಜಾರಿ. ಹೇಗೆ ನಡೆಯುತ್ತದೋ ಮುಂದೆ ನೋಡಬೇಕು. ನನಗೆ ಹಿಡಿಸಿದ್ದು ಒಂದೇ ಅಂಶ. ಪಾಸು ಮಾಡುವ ಕೆಲಸವನ್ನೂ, ಏನು ಬರುತ್ತದೆ ಅಂತ ಹೇಳುವ ಕೆಲಸವನ್ನೂ ಅವರು ಬೇರೆ ಬೇರೆ ಮಾಡಿದ್ದಾರೆ.

ನಮ್ಮಲ್ಲಿ ಇದರ ಬೀಜ ಇಲ್ಲವೇ ಅಂದರೆ, ಇದೆ. ಎಸ್‌ಎಸ್‌ಎಲ್‌ಸಿ ವೇಳಾಪಟ್ಟಿಯಲ್ಲಿ ತೃತೀಯ ಭಾಷೆಯ ಪರೀಕ್ಷೆಯ ದಿನ ನೋಡಿ, ಹಿಂದಿಯ ಕೆಳಗೆ ಎನ್‌ಎಸ್‌ಕ್ಯೂಎಫ್ ಅಂತ ಕೆಲವು ವಿಷಯ ಇರುತ್ತವೆ. ಮಾಹಿತಿ ತಂತ್ರಜ್ಞಾನ, ರಿಟೇಲ್, ಆಟೊಮೊಬೈಲ್, ಬ್ಯೂಟಿ ಅಂಡ್ ವೆಲ್‌ನೆಸ್, ಉಡುಪು ಹೊಲಿಗೆ, ಎಲೆಕ್ಟ್ರಾನಿಕ್ಸ್. ಕೇಂದ್ರ ಸರ್ಕಾರ 2013ರಲ್ಲಿ ತಂದ ಕೌಶಲ ಚೌಕಟ್ಟು ಅದು. ಆಯ್ದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು 9ನೇ ತರಗತಿಯಿಂದ ಮೂರನೇ ಭಾಷೆಯ ಬದಲು ಇದನ್ನು ಓದಬಹುದು. 'ಆಯ್ದ' ಅನ್ನುವ ಪದದಲ್ಲೇ ಎಲ್ಲ ಇದೆ. ನಮ್ಮ ಹೋಬಳಿಯ ಯಾವ ಹೈಸ್ಕೂಲೂ ಆ ಆಯ್ಕೆಯಲ್ಲಿ ಇಲ್ಲ. ಪಾಲಕರ ಸಭೆಯಲ್ಲಿ ಹೆಸರು ಹೇಳಿದಾಗ ಎಸ್‌ಡಿಎಂಸಿ ಅಧ್ಯಕ್ಷರು ನನ್ನನ್ನೇ ಕೇಳಿದರು, "ಅದೇನು ಹೊಸಾ ಸ್ಕಾಲರ್‌ಶಿಪ್ಪೇನ್ರಿ?"

2020ರ ರಾಷ್ಟ್ರೀಯ ಶಿಕ್ಷಣ ನೀತಿ 2025ರ ಹೊತ್ತಿಗೆ ಅರ್ಧದಷ್ಟು ವಿದ್ಯಾರ್ಥಿಗಳಿಗಾದರೂ ವೃತ್ತಿ ಶಿಕ್ಷಣದ ಪರಿಚಯ ಆಗಬೇಕು ಅಂದಿತ್ತು. 2025 ಬಂದು ಹೋಯಿತು. 'ಅಸರ್' 2023ರಲ್ಲಿ ನೋಡಿದಾಗ ಯಾವುದಾದರೂ ವೃತ್ತಿ ತರಬೇತಿಯಲ್ಲಿ ಇದ್ದ ಹಳ್ಳಿ ಯುವಜನ ಶೇ. 5.6.

ಇಲ್ಲಿ ಒಂದು ಎಚ್ಚರ ಬೇಕು. ಕೈಕೆಲಸ, ಕೌಶಲ ಅಂದ ಕೂಡಲೇ ನಮ್ಮ ಕೇರಿಯ ಹಿರಿಯರೊಬ್ಬರು ಹುಬ್ಬು ಗಂಟಿಕ್ಕಿದರು. "ಅಂದ್ರ ಸಾಹುಕಾರ್ರ ಮಕ್ಕಳಿಗಿ ಗಣಿತ, ನಮ್ಮ ಮಕ್ಕಳಿಗಿ ಮತ್ತ ಸಲಿಕಿ?" ಅಂದರು. ಅವರ ಅನುಮಾನಕ್ಕೆ ಇತಿಹಾಸ ಇದೆ. 1953ರಲ್ಲಿ ಮದ್ರಾಸ್ ರಾಜ್ಯದಲ್ಲಿ ರಾಜಾಜಿ ಒಂದು ಯೋಜನೆ ತಂದರು: ಹಳ್ಳಿ ಮಕ್ಕಳು ಅರ್ಧ ದಿನ ಶಾಲೆಯಲ್ಲಿ, ಇನ್ನರ್ಧ ಮನೆಯಲ್ಲಿ ಅಪ್ಪನ ಕಸುಬು ಕಲಿಯುವುದು. ಆಗ ದಕ್ಷಿಣ ಕನ್ನಡವೂ ಮದ್ರಾಸಿಗೇ ಸೇರಿತ್ತು. ಜಾತಿಯ ಕಸುಬನ್ನು ಶಾಲೆಯ ಮೂಲಕ ಮತ್ತೆ ಕುತ್ತಿಗೆಗೆ ಕಟ್ಟುತ್ತಿದ್ದೀರಿ ಅಂತ ಜನ ಎದ್ದರು. ಮರುವರ್ಷ ಕಾಮರಾಜರು ಮುಖ್ಯಮಂತ್ರಿಯಾದಾಗ ಅದನ್ನು ಕೈಬಿಟ್ಟರು. ಒಳ್ಳೆಯದೇ ಆಯಿತು. ಆದ್ದರಿಂದ ಗಣಿತ ಬಾರದವರಿಗೆ ಮಾತ್ರ ಕೌಶಲ ಅನ್ನುವ ಯೋಜನೆ ಬಂದರೆ ನಾನೇ ಮೊದಲು ವಿರೋಧಿಸಿ ಬರೆಯುತ್ತೇನೆ.

ನಾನು ಕೇಳುತ್ತಿರುವುದು ಅಂಕಪಟ್ಟಿಯ ಜೊತೆ ಎರಡನೇ ಹಾಳೆ. ಅದು ಎಲ್ಲರಿಗೂ ಇರಲಿ. 2025ರಲ್ಲಿ 625ಕ್ಕೆ 625 ತೆಗೆದ 22 ಮಕ್ಕಳಿಗೂ, 206 ತೆಗೆದು ದಾಟುವವರಿಗೂ. ಅದರಲ್ಲಿ ಪಾಸು ಫೇಲು ಬೇಡ, ಒಟ್ಟು ಅಂಕ ಬೇಡ, ರ‍್ಯಾಂಕ್ ಬೇಡ. ಏನು ಬರುತ್ತದೆ ಅನ್ನುವುದಷ್ಟೇ ಬರೆದಿರಲಿ. ಕನ್ನಡದ ಒಂದು ಪುಟ ಓದಿ ಅರ್ಥ ಹೇಳುತ್ತಾಳೆ. ಒಂದು ಅರ್ಜಿ ತಾನೇ ಬರೆಯುತ್ತಾಳೆ. ಟೇಪು ಹಿಡಿದು, ಮುರಿದದ್ದಾದರೂ ಸರಿ, ಅಳತೆ ಹೇಳುತ್ತಾಳೆ. ಸಾಲದ ಬಡ್ಡಿ ಲೆಕ್ಕ ಹಾಕುತ್ತಾಳೆ. ಔಷಧ, ಗೊಬ್ಬರದ ಚೀಲದ ಮೇಲಿನ ಸೂಚನೆ ಓದಿ ಪ್ರಮಾಣ ಹೇಳುತ್ತಾಳೆ. ಇಂಗ್ಲಿಷಿನ ಒಂದು ಸಣ್ಣ ಫಾರಂ ತುಂಬುತ್ತಾಳೆ. ಜೊತೆಗೆ ಅವಳು ಕಲಿತ ಯಾವುದಾದರೂ ಒಂದು ಕೆಲಸ, ಹೊಲಿಗೆಯೋ ಕಂಪ್ಯೂಟರೋ ವೈರಿಂಗೋ.

ಪರೀಕ್ಷಿಸುವವರು ಅದೇ ಶಾಲೆಯವರು ಆಗಬಾರದು. ಇದರಲ್ಲಿ ರಾಜಿ ಇಲ್ಲ. ಪಕ್ಕದ ಊರಿನ ಮಾಸ್ತರು ಬರಲಿ, ತಾಲ್ಲೂಕಿನ ಐಟಿಐನವರು ಬರಲಿ. ಎಂಟನೇ ತರಗತಿಯಿಂದ ಹತ್ತರವರೆಗೆ ಮಗುವಿಗೆ ಯಾವಾಗ ಬಂತೋ ಆಗ ಬರೆಯಲಿ. ಈ ಸಲ ಬರದಿದ್ದರೆ ಮುಂದಿನ ತಿಂಗಳು. ಹಾಳೆಯಲ್ಲಿ ಒಂದು ಸಾಲು ಖಾಲಿ ಉಳಿದರೆ ಅದು ಮಗುವಿನ ಅವಮಾನ ಅಲ್ಲ, ಶಾಲೆಗೆ ಸಿಕ್ಕ ಸುದ್ದಿ: ಇದನ್ನು ಇನ್ನೂ ಕಲಿಸಬೇಕಿದೆ. ಶೇ. 33ರ ಗೆರೆ ಕೆಳಗೆ ಇದ್ದರೂ ಆಗ ಯಾರಿಗೂ ಮೋಸ ಇಲ್ಲ. ಪಾಸು ಅನ್ನುವುದು ದಾರಿ ಬಿಡುವ ಕಾಗದ, ಎರಡನೇ ಹಾಳೆ ನಿಜ ಹೇಳುವ ಕಾಗದ.

ಖರ್ಚು ಯಾರು ಕೊಡುತ್ತಾರೆ ಅಂತ ಬಿಇಒ ಕಚೇರಿಯಲ್ಲಿ ನನ್ನ ಪರಿಚಯದವರೊಬ್ಬರು ಕೇಳಿದರು. ಪರೀಕ್ಷಾ ಕೊಠಡಿಗಳಿಗೆಲ್ಲ ಕ್ಯಾಮೆರಾ ಹಾಕಿ ಜಿಲ್ಲಾ ಪಂಚಾಯಿತಿಯಲ್ಲಿ ಕೂತು ನೋಡಲು ಹಣ ಸಿಕ್ಕಿತಲ್ಲ. ಮಕ್ಕಳು ನಕಲು ಮಾಡುತ್ತಾರೋ ಇಲ್ಲವೋ ನೋಡಲು ಅಷ್ಟು ಶ್ರದ್ಧೆ ತೋರಿಸಿದವರು, ಕಲಿತಿದ್ದಾರೋ ಇಲ್ಲವೋ ನೋಡಲು ಅದರ ಅರ್ಧ ತೋರಿಸಿದರೂ ಆದೀತು. ಅವರು ಚಹಾ ತರಿಸಿದರು, ಉತ್ತರ ಕೊಡಲಿಲ್ಲ.

ಸರ್ಕಾರ ಮಾಡುವವರೆಗೆ ಕಾಯಬೇಕಿಲ್ಲ ಅನ್ನುವುದೂ ಇದೆ. ನಿಮ್ಮ ಮನೆಯಲ್ಲಿ ಎಂಟು, ಒಂಬತ್ತನೇ ತರಗತಿ ಮಗು ಇದ್ದರೆ ಇವತ್ತು ಸಂಜೆ ಒಂದು ಟೇಪೋ ಸ್ಕೇಲೋ ಕೊಟ್ಟು, ಸೊನ್ನೆ ಬಿಟ್ಟು ನಾಲ್ಕರಿಂದ ಅಳತೆ ಮಾಡಿಸಿ ನೋಡಿ. ಗೊಬ್ಬರದ ಚೀಲ ಓದಿಸಿ. ಬರದಿದ್ದರೆ ಬಡಿಯಬೇಡಿ ಮತ್ತೆ. ಎಸ್‌ಡಿಎಂಸಿ ಸಭೆಗೆ ಹೋಗಿ, ಈ ಸಲ ಎಷ್ಟು ಶೇಕಡಾ ಬಂತು ಅಂತ ಕೇಳುವುದರ ಜೊತೆಗೆ, ನಮ್ಮ ಶಾಲೆಗೆ ಎನ್‌ಎಸ್‌ಕ್ಯೂಎಫ್ ಯಾಕೆ ಬಂದಿಲ್ಲ ಅಂತ ಕೇಳಿ. ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ. ಬಾಯಿಮಾತು ನಮ್ಮ ಕಡೆ ಗಾಳಿಗೆ ಹೋಗುತ್ತದೆ.

ತಂಗಿ ಮತ್ತೆ ಕಟ್ಟಿದ್ದಾಳೆ. ಹೊಸ ನಿಯಮ ಬಂದ ಸುದ್ದಿ ಮೊಬೈಲಿನಲ್ಲಿ ತೋರಿಸಿ ಅವಳ ಅಪ್ಪನಿಗೆ ಲೆಕ್ಕ ಬಿಡಿಸಿ ಹೇಳಿದೆ, 22 ಮತ್ತು 18 ಕೂಡಿಸಿದರೆ 40 ಅಂತ. "ಅಂದ್ರ ಆಗಳೇ ಪಾಸ ಇದ್ಲೇನು?" ಅಂತ ಕೇಳಿದ. ಏನು ಹೇಳಲಿ? "ಇದೊಂದ ಸಲ" ಅಂದ. ಅಣ್ಣ ಬೆಂಗಳೂರಿನಿಂದ ಫೋನ್‌ಪೇ ಮಾಡಿ ಐನೂರು ಕಳಿಸಿದ. ಪರೀಕ್ಷಾ ಕೇಂದ್ರ ಹೋಬಳಿಯಲ್ಲಿ. ಹಾಲ್‌ಟಿಕೆಟ್ ತೋರಿಸಿದರೆ ಬಸ್ಸಿಗೆ ಟಿಕೆಟ್ ಕೇಳುವುದಿಲ್ಲ, ಎಂಟರ ಬಸ್ಸು ತಪ್ಪಿಸಬೇಡ ಅಂತ ಹೇಳಿದ್ದೇನೆ. ಮಂಡಳಿಯ ವೆಬ್‌ಸೈಟಿನಿಂದ ನಾಲ್ಕು ಮಾದರಿ ಪ್ರಶ್ನೆಪತ್ರಿಕೆ ಇಳಿಸಿ ಜೆರಾಕ್ಸ್ ಮಾಡಿಸಿ ಕೊಟ್ಟಿದ್ದೆ. ನಿನ್ನೆಯವರೆಗೆ ಎರಡು ಬಿಡಿಸಿದ್ದಾಳೆ. ಮೂರನೆಯದು ಸಂಘದ ಸಭೆ ಮುಗಿದ ಮೇಲೆ ಅಂತ ಹೇಳಿದ್ದಾಳೆ, ಈ ತಿಂಗಳ ಬಡ್ಡಿ ಲೆಕ್ಕ ಇನ್ನೂ ಬಾಕಿ ಇದೆಯಂತೆ.